ಮನೆಯವನೇ ಎಕ್ಸಿಕ್ಯೂಟರ್ ಆದರೆ ಕೂಲಿ ತಗೊಳ್ಳಬಹುದೇ? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಆಸ್ತಿ ಇತ್ಯರ್ಥ ಮಾಡಿಸುವ ಸೇವೆಗಳ ವಿಮರ್ಶೆ

ತೀರಿಕೊಂಡವರ ದಿವಸದ ಊಟ ಮುಗಿದು ನೆಂಟರು ಹೊರಟ ಮೇಲೆ ಕಟ್ಟೆ ಮೇಲೆ ಉಳಿಯುವ ಪ್ರಶ್ನೆ ಒಂದೇ: ಇನ್ನು ಓಡಾಡೋರು ಯಾರು? ಪಹಣಿ, ಬ್ಯಾಂಕು, ಎಲ್‌ಐಸಿ, ಸೊಸೈಟಿ ಸಾಲ, ಅಡವಿಟ್ಟ ಬಂಗಾರ, ಇಷ್ಟನ್ನೂ ಯಾರಾದರೂ ಒಬ್ಬರು ಹೊರಬೇಕು. ಉಯಿಲು ಇದ್ದರೆ, ಆಸ್ತಿ ಇತ್ಯರ್ಥದ ಹೊಣೆಗೆ ಅದರಲ್ಲಿ ಹೆಸರಿಸಿದವರು ಎಕ್ಸಿಕ್ಯೂಟರ್. ಇಲ್ಲದಿದ್ದರೆ ಹಿರಿ ಮಗನೋ, ಊರಲ್ಲೇ ಇರುವ ಅಳಿಯನೋ. ಈ ಕೆಲಸಕ್ಕೆ ನಮ್ಮ ಮೂರು ಜಿಲ್ಲೆಗಳಲ್ಲಿ ದುಡ್ಡು ಕೊಟ್ಟರೆ ಸಿಗುವವರು ನಾಲ್ಕು ಥರ: ತಾಲ್ಲೂಕು ಕಚೇರಿ ಸುತ್ತಲಿನ ಏಜೆಂಟರು, ವಕೀಲರು, ತೆರಿಗೆ ಸಲಹೆಗಾರರು, ಬೇರೆಯವರ ಆಸ್ತಿ ನೋಡಿಕೊಳ್ಳುವ ಬೆಂಗಳೂರು-ಮುಂಬೈ ಕಡೆಯ ಟ್ರಸ್ಟಿ ಕಂಪನಿಗಳು. ಐದನೆಯದು ಮನೆಯವರ ಸೇವೆ. ಅದಕ್ಕೆ ದರಪಟ್ಟಿ ಇಲ್ಲ, ಜಗಳ ಮಾತ್ರ ಅದರಲ್ಲೇ ಜಾಸ್ತಿ.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮನೆಯವರು ದುಡ್ಡು ತಗೊಳ್ಳಬಹುದು, ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಆಸ್ತಿಯ ಬೆಲೆಗೆ ಶೇಕಡಾ ಹಾಕಿ ಅಲ್ಲ, ಮಾಡಿದ ಕೆಲಸಕ್ಕೆ. ಅದೂ ಕೆಲಸ ಶುರುವಾಗುವ ಮುಂಚೆ ಬರೆದಿಟ್ಟುಕೊಂಡು. ಬರೆದಿಲ್ಲ ಅಂದರೆ ಖರ್ಚು ಮಾತ್ರ ವಾಪಸ್ ತಗೊಳ್ಳಬೇಕು, ಕೂಲಿ ಕೇಳಬಾರದು.

ಕಾನೂನು ಎಲ್ಲಿ ನಿಲ್ಲುತ್ತೆ ಅನ್ನೋದನ್ನು ನೋಡಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 309ನೇ ಕಲಂ ಪ್ರಕಾರ, ಎಕ್ಸಿಕ್ಯೂಟರ್ ತಗೊಳ್ಳುವ ಕಮಿಷನ್ ಅಡ್ಮಿನಿಸ್ಟ್ರೇಟರ್ ಜನರಲ್‌ಗೆ (ತೀರಿಕೊಂಡವರ ಆಸ್ತಿ ನಿರ್ವಹಿಸುವ ಸರ್ಕಾರಿ ಅಧಿಕಾರಿಗೆ) ನಿಗದಿಯಾದ ದರವನ್ನು ಮೀರಬಾರದು. ಇದನ್ನು ಓದಿ "ಅಷ್ಟು ನನಗೆ ಬರಬೇಕು" ಅಂತ ಹೊರಡುವವರಿದ್ದಾರೆ. ತಪ್ಪು. ಅದು ಮೇಲಿನ ಮಿತಿ, ಕೈಗೆ ಬರಬೇಕಾದ ಸಂಬಳ ಅಲ್ಲ. 1882ರ ಟ್ರಸ್ಟ್ ಕಾಯ್ದೆಯ 50ನೇ ಕಲಮಿನ ಧೋರಣೆಯೂ ಅದೇ: ಪತ್ರದಲ್ಲಿ ಬರೆದಿರದಿದ್ದರೆ, ಹೊಣೆ ಒಪ್ಪಿಕೊಳ್ಳುವಾಗ ಫಲಾನುಭವಿಗಳ ಜೊತೆ ಇಲ್ಲವೇ ಕೋರ್ಟಿನ ಜೊತೆ ಕರಾರು ಆಗಿರದಿದ್ದರೆ, ಟ್ರಸ್ಟಿಗೆ ತನ್ನ ಶ್ರಮಕ್ಕೆ ಸಂಭಾವನೆಯ ಹಕ್ಕಿಲ್ಲ. ಕೈಯಿಂದ ಹಾಕಿದ ಖರ್ಚಿಗೆ ಮಾತ್ರ ಹಕ್ಕಿದೆ. ಅಮೆರಿಕದಲ್ಲಿರುವ ತಮ್ಮ ಫೋನಿನಲ್ಲಿ "ಇಲ್ಲಿ ಶೇಕಡಾ ಲೆಕ್ಕ ಐತಿ ಅಣ್ಣಾ, ನೀನೂ ತಗೋ" ಅಂದರೆ ಅದು ಅಲ್ಲಿಯ ಮಾತು. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಒಂದು ಲಕ್ಷ ಡಾಲರಿಗೆ ಶೇ. 4 ಅಂತ ಕಾನೂನೇ ಹೇಳುತ್ತೆ. ಸಿರುಗುಪ್ಪದ ಗದ್ದೆಗೆ ಅದನ್ನು ತರಲಾಗದು.

ಇನ್ನೊಂದು ಕಲಂ ಇದಕ್ಕಿಂತ ಮುಖ್ಯ, ಆದರೆ ಯಾರೂ ಓದಲ್ಲ. ಉತ್ತರಾಧಿಕಾರ ಕಾಯ್ದೆಯ 310ನೇ ಕಲಮಿನ ಪ್ರಕಾರ ಎಕ್ಸಿಕ್ಯೂಟರ್ ತಾನೇ, ಇಲ್ಲವೇ ಬೇರೆಯವರ ಹೆಸರಿನಲ್ಲಿ, ತೀರಿಕೊಂಡವರ ಆಸ್ತಿ ಕೊಂಡರೆ ಆ ಕ್ರಯವನ್ನು ಹಕ್ಕುಳ್ಳ ಬೇರೆ ಯಾರು ಬೇಕಾದರೂ ರದ್ದು ಮಾಡಿಸಬಹುದು. "ಕೂಲಿ ಬೇಡ, ರಸ್ತೆ ಬದಿಯ ಅರ್ಧ ಎಕರೆ ಕಮ್ಮಿ ರೇಟಿಗೆ ಕೊಡಿ" ಅನ್ನುವ ಒಪ್ಪಂದ ನಮ್ಮ ಕಡೆ ಸಾಮಾನ್ಯ. ಹತ್ತು ವರ್ಷ ಕಳೆದು ಆ ಅರ್ಧ ಎಕರೆಗೆ ಬೆಲೆ ಬಂದ ಮೇಲೆ ಅಕ್ಕನ ಮಗ ಕೋರ್ಟಿಗೆ ಹೋಗುವುದೂ ಅಷ್ಟೇ ಸಾಮಾನ್ಯ. ಕೂಲಿ ದುಡ್ಡಿನಲ್ಲೇ ಆಗಲಿ, ಬ್ಯಾಂಕಿನ ಮೂಲಕವೇ ಆಗಲಿ.

ಈಗ ಸೇವೆಗಳ ಮಾತು.

ಏಜೆಂಟರು. ನಾಡಕಚೇರಿ, ತಹಶೀಲ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಗಳೇ ಇವರ ಕಚೇರಿ. ಅರ್ಜಿ ತುಂಬೋದು, ವಂಶವೃಕ್ಷಕ್ಕೆ ಅಫಿಡವಿಟ್ ಮಾಡಿಸೋದು, ವಿ.ಎ. (ಗ್ರಾಮ ಆಡಳಿತಾಧಿಕಾರಿ) ಊರಿಗೆ ಬರುವ ದಿನ ಗೊತ್ತುಮಾಡಿಕೊಂಡು ಪಂಚನಾಮೆಗೆ ಜನ ಕೂಡಿಸೋದು, ಈ ಕೆಲಸಗಳಲ್ಲಿ ಇವರ ಕೈ ಚುರುಕು. ರಾಯಚೂರು-ಕೊಪ್ಪಳ ಕಡೆ ಇನ್ನೊಂದು ಲಾಭವುಂಟು. 1956ರವರೆಗೆ ಇದು ಹೈದರಾಬಾದ್ ರಾಜ್ಯದ ಸೀಮೆ. ಸೇತ್ವಾರ್, ಖಾಸ್ರಾ ಪಹಣಿಯಂಥ ಜಮೀನು ದಾಖಲೆಗಳ ಹಳೇ ನಕಲುಗಳು ಉರ್ದುವಿನಲ್ಲಿರುತ್ತವೆ. ಅದನ್ನು ಓದಿ ಸರ್ವೆ ನಂಬರ್ ತಾಳೆ ಹಾಕಬಲ್ಲ ಹಿರಿಯ ಏಜೆಂಟ ಸಿಕ್ಕರೆ ಅವನು ಕೇಳಿದ್ದು ಕೊಡಿ. ಅಂಥವರು ಕಮ್ಮಿಯಾಗುತ್ತಿದ್ದಾರೆ.

ಇವರು ಎಡವುವುದು ಮೂರು ಕಡೆ. ದೊಡ್ಡ ತಪ್ಪು ಮೊದಲನೆಯದು. ಉಯಿಲು ಇದ್ದರೂ ಅದನ್ನು ಓದದೆ ಪೌತಿ ಖಾತೆಗೆ ಅರ್ಜಿ ಹಾಕಿಬಿಡುತ್ತಾರೆ. ಪೌತಿ ಅಂದರೆ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಏರುವುದು. ಉಯಿಲಿನ ಆಧಾರದ ಹಕ್ಕು ಬದಲಾವಣೆ ಬೇರೆಯೇ. ಪೌತಿಯಲ್ಲಿ ಐದು ಜನರ ಹೆಸರು ಏರಿದ ಮೇಲೆ ಉಯಿಲು ತೋರಿಸಿದರೆ ತಹಶೀಲ್ದಾರರು ಅದನ್ನು ಅಳಿಸಲ್ಲ, ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ರ ಪ್ರಕಾರ ಸಹಾಯಕ ಆಯುಕ್ತರ ಮುಂದೆ ಅಪೀಲು ಹೋಗಬೇಕು. ಉಯಿಲಿನ ಸಾಚಾತನಕ್ಕೆ ಯಾರಾದರೂ ತಕರಾರು ತೆಗೆದರೆ ಕಂದಾಯದವರು ತೀರ್ಮಾನ ಮಾಡುವುದಿಲ್ಲ, ಸಿವಿಲ್ ಕೋರ್ಟಿಗೆ ಕಳಿಸುತ್ತಾರೆ. ಅರ್ಜಿಯ ಕಾರಣದ ಜಾಗದಲ್ಲಿ "ಪೌತಿ" ಅಂತಿದೆಯೋ "ಮರಣಶಾಸನ" ಅಂತಿದೆಯೋ, ಸಹಿ ಹಾಕುವ ಮುಂಚೆ ಕಣ್ಣಾರೆ ನೋಡಿ.

ಎರಡನೆಯದು ಹೆಣ್ಣುಮಕ್ಕಳನ್ನು ಬಿಟ್ಟು ವಂಶವೃಕ್ಷ ಮಾಡಿಸೋದು. "ಅವರು ಮದುವೆಯಾಗಿ ಹೋಗ್ಯಾರಲ್ರೀ" ಅನ್ನುವ ಮಾತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಬೆಲೆಯಿಲ್ಲ. ಮ್ಯುಟೇಶನ್ನಿಗೆ (ಪಹಣಿಯಲ್ಲಿ ಹೆಸರು ಬದಲಾಗುವುದಕ್ಕೆ) ನೋಟಿಸಿನ ಅವಧಿ ಇರುತ್ತೆ, ಆ ಅವಧಿಯಲ್ಲಿ ತಂಗಿಯ ಒಂದು ಸಾಲಿನ ತಕರಾರು ಬಂದರೂ ಕೆಲಸ ತಕರಾರು ಪ್ರಕರಣವಾಗಿ ನಿಲ್ಲುತ್ತೆ. ಮೂರನೆಯದು ಹೆಸರು. ಮರಣ ಪತ್ರದಲ್ಲಿ ಬಸವರಾಜಪ್ಪ, ಪಹಣಿಯ 9ನೇ ಕಲಮಿನಲ್ಲಿ ಬಸಪ್ಪ ತಂದೆ ಈರಪ್ಪ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮೊದಲೇ ಲಗತ್ತಿಸದಿದ್ದರೆ ಅರ್ಜಿ ವಾಪಸ್. ಹಾಗೇ 11ನೇ ಕಲಮಿನಲ್ಲಿ ಸೊಸೈಟಿಯದೋ ಬ್ಯಾಂಕಿನದೋ ಬೋಜಾ (ಜಮೀನಿನ ಮೇಲೆ ಬರೆದ ಸಾಲದ ಹೊರೆ) ಇದೆಯೇ ನೋಡಿ. ಸಾಲ ತೀರಿದ್ದರೂ ಬೋಜಾ ಇಳಿಸದೆ ಬಿಟ್ಟಿರುವುದು ಹತ್ತರಲ್ಲಿ ನಾಲ್ಕು ಕಡೆ ಕಂಡರೂ ಆಶ್ಚರ್ಯವಿಲ್ಲ.

ಇವರ ದರದ ಬಗ್ಗೆ ಒಂದೇ ಎಚ್ಚರಿಕೆ. "ಒಟ್ಟು ಇಷ್ಟು ಕೊಡ್ರಿ, ಒಳಗಿಂದು ಹೊರಗಿಂದು ಎಲ್ಲಾ ನಾನು ನೋಡಿಕ್ಯಂತೀನಿ" ಅನ್ನುವ ಉಕ್ತಾ ಒಪ್ಪಂದ ಎಕ್ಸಿಕ್ಯೂಟರ್‌ಗೆ ವಿಷ. ಆ ಮೊತ್ತಕ್ಕೆ ರಸೀದಿ ಇರಲ್ಲ, ರಸೀದಿ ಇಲ್ಲದ್ದನ್ನು ಉಳಿದ ವಾರಸುದಾರರು ಒಪ್ಪಲ್ಲ, ಕೊನೆಗೆ ಅದು ಎಕ್ಸಿಕ್ಯೂಟರ್ ಕಿಸೆಯಿಂದ ಹೋಗುತ್ತೆ. ಸರ್ಕಾರಿ ಶುಲ್ಕ ಬೇರೆ, ಏಜೆಂಟನ ಕೂಲಿ ಬೇರೆ ಅಂತ ಎರಡು ಚೀಟಿ ಕೇಳಿ. ಮೂಲ ಕ್ರಯಪತ್ರ, ಮೂಲ ಉಯಿಲು ಇವರ ಕೈಗೆ ಕೊಡಬೇಡಿ, ನಕಲು ಸಾಕು.

ವಕೀಲರು. ಹಿಂದೂಗಳ ಉಯಿಲಿಗೆ ಪ್ರೊಬೇಟ್ (ಉಯಿಲು ಸಾಚಾ ಅಂತ ಕೋರ್ಟು ಕೊಡುವ ದೃಢೀಕರಣ) ಕಡ್ಡಾಯ ಅನ್ನುವ ನಿಯಮ ಬಂದದ್ದು ಕಲ್ಕತ್ತಾ ಸೀಮೆ ಮತ್ತು ಮದ್ರಾಸ್, ಬೊಂಬಾಯಿ ನಗರಗಳಿಗೆ. ಬಳ್ಳಾರಿ 1953ರವರೆಗೆ ಮದ್ರಾಸಿಗೇ ಸೇರಿದ್ದರೂ ಮದ್ರಾಸ್ ನಗರದ ಹೊರಗಿನ ಜಿಲ್ಲೆ. ಕಡ್ಡಾಯ ಇತ್ತ ಬರಲಿಲ್ಲ. ಹಾಗಾಗಿ ತಕರಾರಿಲ್ಲದ ಮನೆಗೆ "ಪ್ರೊಬೇಟ್ ಮಾಡಿಸಲೇಬೇಕು" ಅಂತ ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ಕೇಳಿ. ದೊಡ್ಡ ಮೊತ್ತದ ಠೇವಣಿ, ಷೇರು, ಬರಬೇಕಾದ ಸಾಲ ಇದ್ದು ನಾಮಿನಿ ಇಲ್ಲದಿದ್ದರೆ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ವಕೀಲರು ಬೇಕೇ ಬೇಕು. ನೋಟಿಸು, ಆಕ್ಷೇಪಣೆಗೆ ಕಾಯುವುದು, ಸಾಕ್ಷಿ, ಆಮೇಲೆ ಮೊತ್ತದ ಮೇಲೆ ಕೋರ್ಟ್ ಫೀ, ತಿಂಗಳುಗಟ್ಟಲೆ ಹಿಡಿಯುತ್ತೆ. ಜಮೀನಿಗೆ ಈ ಪ್ರಮಾಣಪತ್ರ ನಡೆಯಲ್ಲ, ಅದು ಹಣ ಮತ್ತು ಸಾಲಪತ್ರಗಳಿಗೆ ಮಾತ್ರ.

ಫೀಸು ಹಂತಹಂತವಾಗಿ ಬರೆಸಿಕೊಳ್ಳಿ. "ಗೆದ್ದ ಮೇಲೆ ಒಂದು ಎಕರೆ" ಅನ್ನುವ ಮಾತು ಬಂದರೆ ಎದ್ದು ಬನ್ನಿ; ಫಲಿತಾಂಶಕ್ಕೆ ಕಟ್ಟಿದ ಫೀಸು, ಬರುವ ಆಸ್ತಿಯಲ್ಲಿ ಪಾಲು, ಎರಡಕ್ಕೂ ಬಾರ್ ಕೌನ್ಸಿಲ್ ನಿಯಮದ ನಿಷೇಧವಿದೆ. ಹೈಕೋರ್ಟ್ ತನಕ ಹೋದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ. ಗಂಗಾವತಿಯಲ್ಲಿ ಒಂದು ತುಂಡು, ಸಿಂಧನೂರಿನಲ್ಲಿ ಒಂದು ತುಂಡು ಇರುವ ಮನೆಯವರು ಎರಡೂ ದಿಕ್ಕಿನ ಬಸ್ ಖರ್ಚು ಹಿಡಿಯಬೇಕಾದೀತು.

ತೆರಿಗೆ ಸಲಹೆಗಾರರು. ಚಿಕ್ಕ ಕೆಲಸ, ಆದರೆ ಬಿಟ್ಟರೆ ಕಾಡುತ್ತೆ. ತೀರಿಕೊಂಡವರ ಆ ವರ್ಷದ ರಿಟರ್ನನ್ನು ಪೋರ್ಟಲಿನಲ್ಲಿ ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿಕೊಂಡು ಹಾಕಬೇಕು. ಅಕ್ಕಿ ಗಿರಣಿಯಲ್ಲಿ ಪಾಲು, ಜೀನ್ಸ್ ಹೊಲಿಗೆ ಯೂನಿಟ್, ದಲ್ಲಾಳಿ ಅಂಗಡಿ ಇದ್ದವರಿಗೆ ಜಿಎಸ್‌ಟಿ ನೋಂದಣಿ ರದ್ದು ಮಾಡಿಸುವುದೂ ಇರುತ್ತೆ. ಹಣ ಕೊಟ್ಟು ಮಾಡಿಸಿ, ಒಂದೇ ಕಂತು, ಮುಗೀತು.

ಟ್ರಸ್ಟಿ ಕಂಪನಿಗಳು. ಮಕ್ಕಳೆಲ್ಲ ಹೊರದೇಶದಲ್ಲಿದ್ದು ಆಸ್ತಿಯೆಲ್ಲ ಫ್ಲಾಟು, ಷೇರು, ಮ್ಯೂಚುವಲ್ ಫಂಡಿನಲ್ಲಿದ್ದರೆ ಇವರು ಸರಿ. ನಮ್ಮ ಕಡೆಯ ಆಸ್ತಿಗೆ ಹೊಂದುವುದಿಲ್ಲ. ಹೊಲದ ಬದು ಎಲ್ಲಿದೆ, ಕಾಲುವೆ ನೀರಿನ ಸರದಿ ಯಾರದು, ಗುತ್ತಿಗೆದಾರ ಎಷ್ಟು ಚೀಲ ಕೊಡಬೇಕು ಅನ್ನುವುದು ಅವರ ಯಾವ ಫೈಲಿನಲ್ಲೂ ಇರಲ್ಲ. ಪಹಣಿ ಕೆಲಸಕ್ಕೆ ಕೊನೆಗೆ ಅವರೂ ಅದೇ ಝೆರಾಕ್ಸ್ ಅಂಗಡಿಯ ಏಜೆಂಟನನ್ನೇ ಹಿಡಿಯಬೇಕು, ಅವನ ಕೂಲಿಯ ಮೇಲೆ ಅವರದೂ ಸೇರುತ್ತೆ.

ಉಳಿದದ್ದು ಮನೆಯವರು. ಗುತ್ತಿಗೆ ಬಾಯಿಮಾತಿನದು, 75 ಕೆ.ಜಿ. ಚೀಲದ ಲೆಕ್ಕ ನೆನಪಿನಲ್ಲಿ ಇರುವಂಥದ್ದು. ದಲ್ಲಾಳಿ ಅಂಗಡಿಯ ಮುಂಗಡ ಕೆಂಪು ರಟ್ಟಿನ ಪುಸ್ತಕದಲ್ಲಿ. ಟ್ರಂಕಿನ ತಳದಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕಿನ ಹಳೇ ಠೇವಣಿ ರಸೀದಿ ಸಿಕ್ಕರೆ "ಆ ಬ್ಯಾಂಕೇ ಇಲ್ಲ" ಅಂತ ಹೊರಗಿನವರು ಎಸೆಯುತ್ತಾರೆ. ಮನೆಯವರಿಗೆ ಗೊತ್ತು, 2005ರಲ್ಲಿ ಅದು ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯ್ತು; 2025ರ ಮೇ 1ರ ವಿಲೀನದ ಮೇಲೂ ಅದೇ ಹೆಸರು, ಮುಖ್ಯ ಕಚೇರಿ ಬಳ್ಳಾರಿಯಲ್ಲೇ. ಹತ್ತು ವರ್ಷ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತೆ, ಆದರೂ ಬ್ಯಾಂಕಿನ ಮೂಲಕ ವಾಪಸ್ ಪಡೆಯಬಹುದು. ಆ ಬ್ಯಾಂಕು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲಿಗೆ ಸೇರಿದ್ದರೆ ಅಲ್ಲಿ ಹೆಸರು ಹಾಕಿ ಹುಡುಕಬಹುದು. ಬ್ಯಾಂಕಿನವರು ತಡ ಮಾಡಿದರೆ ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನ ಎತ್ತಿ ತೋರಿಸಿ: ಕಾಗದ ಪೂರ್ತಿ ಕೊಟ್ಟ 15 ದಿನದಲ್ಲಿ ಇತ್ಯರ್ಥ ಆಗಬೇಕು. ನಾಮಿನಿ ಇಲ್ಲದಿದ್ದರೂ, ತಕರಾರೂ ಇಲ್ಲದಿದ್ದರೆ, 15 ಲಕ್ಷದವರೆಗೆ (ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷ) ಕೋರ್ಟಿನ ಪತ್ರ ಕೇಳುವಂತಿಲ್ಲ. ನಾಮಿನಿ ಅಂದರೆ ಬ್ಯಾಂಕ್ ಠೇವಣಿಯ ಮಟ್ಟಿಗೆ ಹಣ ಪಡೆದು ಹಂಚಬೇಕಾದವನು, ಮಾಲೀಕನಲ್ಲ. ಇದನ್ನು ನಾಮಿನಿಗೇ ತಿಳಿಸಿ ಹೇಳುವ ಕೆಲಸವೂ ಎಕ್ಸಿಕ್ಯೂಟರ್ ತಲೆಗೇ.

ಇಷ್ಟೆಲ್ಲ ಮಾಡುವವರಿಗೆ "ನಮ್ಮವರೇ ಅಲ್ವಾ" ಅಂತ ಏನೂ ಕೊಡದಿರುವುದು ಪುಕ್ಕಟೆ ಸೇವೆ ಅಲ್ಲ. ಮೇ ತಿಂಗಳ ಬೇಸಿಗೆ ಬೆಳೆಯ ಗುತ್ತಿಗೆ ಭತ್ತದಲ್ಲಿ ನಾಲ್ಕು ಚೀಲ ಲೆಕ್ಕಕ್ಕೆ ಬರದೆ ಹೋಗುವುದು ಅಲ್ಲಿಂದಲೇ. ಕೊಡದ ಕೂಲಿ ಹಿಂಬಾಗಿಲಿನಿಂದ ಹೋಗುತ್ತೆ, ಜೊತೆಗೆ ವಿಶ್ವಾಸವೂ.

ಶೇಕಡಾ ಯಾಕೆ ಬೇಡ ಅನ್ನುವುದಕ್ಕೆ ಒಂದು ಲೆಕ್ಕ ಹಾಕಿ ನೋಡಿ. ಆರು ಎಕರೆ ನೀರಾವರಿ, ಒಂದೇ ಸರ್ವೆ ನಂಬರು, ಎಕರೆಗೆ 25 ಲಕ್ಷ ಅಂತ ಹಿಡಿದರೆ ಒಂದೂವರೆ ಕೋಟಿ. ಶೇ. 2 ಅಂದರೆ 3 ಲಕ್ಷ. ಕೆಲಸ? ಒಂದು ಅರ್ಜಿ, ಒಂದು ನೋಟಿಸು, ಒಂದು ಮ್ಯುಟೇಶನ್. ಅದೇ ಕುಷ್ಟಗಿ ಕಡೆಯ ಹತ್ತು ಎಕರೆ ಖುಷ್ಕಿ, ನಾಲ್ಕು ಸರ್ವೆ ನಂಬರು, ಎರಡರಲ್ಲಿ ಹಳೇ ಬೋಜಾ, ಒಂದರಲ್ಲಿ ತಾತನ ಹೆಸರೇ ಇನ್ನೂ ಇದೆ. ಬೆಲೆ ಕಾಲು ಭಾಗವೂ ಇಲ್ಲ, ಓಡಾಟ ನಾಲ್ಕು ಪಟ್ಟು. ಜಮೀನಿನ ಬೆಲೆಗೂ ಓಡಾಟಕ್ಕೂ ಸಂಬಂಧವೇ ಇಲ್ಲ.

ದಿನದ ಲೆಕ್ಕ ಹೀಗಿರಲಿ. 200 ಪುಟದ ಉದ್ದನೆ ನೋಟ್‌ಬುಕ್ಕು, ಪುಟಕ್ಕೆ ನಂಬರು. ಒಂದು ಸಾಲಿನ ಮಾದರಿ: "ಮಾರ್ಚ್ 4, ನಾಡಕಚೇರಿ, ವಂಶವೃಕ್ಷದ ಅರ್ಜಿ, ಬಸ್ 90, ಝೆರಾಕ್ಸ್ 36, ಅಫಿಡವಿಟ್ಟು-ನೋಟರಿ 250, ಅರ್ಧ ದಿನ, ರಸೀದಿ 3." ಖರ್ಚು ಒಂದು ಕಾಲಂ, ಹೊತ್ತು ಇನ್ನೊಂದು ಕಾಲಂ, ಎರಡನ್ನೂ ಬೆರೆಸಬೇಡಿ. ಹೀಗೆ 9 ಪೂರ್ತಿ ದಿನ, 14 ಅರ್ಧ ದಿನ ಆಯ್ತು ಅನ್ನಿ: 16 ದಿನ. ದಿನಕ್ಕೆ 800 ಅಂತ ಒಪ್ಪಿದ್ದರೆ 12,800. ಖರ್ಚು 8,650. ಒಟ್ಟು 21,450. ಐದು ಜನ ವಾರಸುದಾರರಿಗೆ ತಲಾ 4,290. ಇದಕ್ಕೆ ತಕರಾರು ಮಾಡುವವರು ಕಮ್ಮಿ. ದಿನದ ದರ ಎಷ್ಟು ಅನ್ನುವುದಕ್ಕೆ ನಮ್ಮ ಅಳತೆ: ಅದೇ ಕೆಲಸಕ್ಕೆ ಆ ಊರಿನ ಏಜೆಂಟ ಕೇಳುವುದಕ್ಕಿಂತ ಒಟ್ಟು ಮೊತ್ತ ಜಾಸ್ತಿಯಾಗಬಾರದು. ಅಂಗಡಿ ಬಾಗಿಲು ಹಾಕಿ ಬರುವವರಿದ್ದರೆ ಅದನ್ನು ಮೊದಲ ದಿನವೇ ಹೇಳಿ ದರ ಏರಿಸಿಕೊಳ್ಳಲಿ.

ಒಪ್ಪಂದದ ಕಾಗದದಲ್ಲಿ ಇರಬೇಕಾದ್ದು: ಯಾರು, ಯಾವ ಕೆಲಸಗಳು, ದಿನದ ದರ, ಗರಿಷ್ಠ ಎಷ್ಟು ದಿನ, ಖರ್ಚಿಗೆ ಮುಂಗಡ ಎಷ್ಟು, ಲೆಕ್ಕ ಯಾವಾಗ ಒಪ್ಪಿಸಬೇಕು. ಎಲ್ಲ ವಯಸ್ಕ ವಾರಸುದಾರರ ಸಹಿ, ಹೆಣ್ಣುಮಕ್ಕಳದೂ ಸೇರಿ. ಸಹಿ ಹಾಕದವರ ಪಾಲಿನಿಂದ ಮುರಿಯುವ ಹಾಗಿಲ್ಲ. ಅಪ್ರಾಪ್ತರ ಪಾಲಿನಿಂದಲಂತೂ ಒಂದು ರೂಪಾಯಿ ಕೂಲಿ ಮುರಿಯಬೇಡಿ. ಕೂಲಿ ಕೈಗೆ ಬರಬೇಕಾದ್ದು ಕೊನೆಯಲ್ಲಿ. ಮೊದಲು ಅಂತ್ಯಕ್ರಿಯೆ ಮತ್ತು ಕೊನೆಗಾಲದ ಆಸ್ಪತ್ರೆ ಖರ್ಚು, ಆಮೇಲೆ ಕೋರ್ಟು-ಕಚೇರಿ ಖರ್ಚು, ಆಮೇಲೆ ಸಾವಿಗೆ ಹಿಂದಿನ ಮೂರು ತಿಂಗಳ ಆಳುಗಳ ಬಾಕಿ ಕೂಲಿ, ಆಮೇಲೆ ಉಳಿದ ಸಾಲಗಳು. ಉತ್ತರಾಧಿಕಾರ ಕಾಯ್ದೆಯ 320ರಿಂದ 323ನೇ ಕಲಂಗಳ ಅನುಕ್ರಮ ಇದೇ. ಜೀತಗಾರ ಅಂತ ಕರೆಯುತ್ತಿದ್ದ ಹೊಲದಾಳಿನ ಆ ಮೂರು ತಿಂಗಳ ಬಾಕಿ ಅಡವಿಲ್ಲದ ಕೈಸಾಲಗಳಿಗಿಂತ ಮುಂದೆ ಬರುತ್ತೆ ಅನ್ನುವುದು ಬಹಳ ಮನೆಗಳಿಗೆ ಗೊತ್ತಿಲ್ಲ. ಸಾಲ ಬಿಟ್ಟು ಪಾಲು ಹಂಚಿ ಆಮೇಲೆ ಕೊರತೆ ಬಿದ್ದರೆ ಎಕ್ಸಿಕ್ಯೂಟರ್ ಸ್ವಂತ ಕೈಯಿಂದ ತುಂಬಬೇಕಾಗಬಹುದು. ಉಯಿಲಿನ ಪಾಲು ಕೊಡಲು ಸಾವಿನ ದಿನದಿಂದ ಒಂದು ವರ್ಷ ಅವಕಾಶವಿದೆ (337ನೇ ಕಲಂ), ಅವಸರ ಮಾಡುವವರಿಗೆ ಅದನ್ನು ಹೇಳಿ.

ಉಯಿಲು ಇನ್ನೂ ಬರೆಸದವರಿಗೆ ಒಂದು ಸುಲಭದ ದಾರಿ ಇದೆ. "ಎಕ್ಸಿಕ್ಯೂಟರ್‌ಗೆ ಫೀಸು" ಅಂತ ಬರೆಸುವ ಬದಲು, ಆ ಹೊಣೆ ಹೊರುವ ಮಗಳಿಗೋ ಅಳಿಯನಿಗೋ ಇಂತಿಷ್ಟು ಹಣ ಹೆಚ್ಚಾಗಿ ಕೊಡತಕ್ಕದ್ದು ಅಂತ ಬರೆಸಿ. ಉಯಿಲಿನಲ್ಲಿ ಬಂದ ಆಸ್ತಿಗೆ ಆದಾಯ ತೆರಿಗೆ ಇಲ್ಲ. ಕೂಲಿಯಾಗಿ ಬಂದರೆ ಅದು ಅವರ ಆದಾಯ, ರಿಟರ್ನಿನಲ್ಲಿ ತೋರಿಸಬೇಕು. ಉತ್ತರಾಧಿಕಾರ ಕಾಯ್ದೆಯ 141ನೇ ಕಲಂ ಇದಕ್ಕೆ ಬೇಲಿ ಹಾಕಿದೆ: ಎಕ್ಸಿಕ್ಯೂಟರ್ ಅಂತ ಹೆಸರಿಸಿದವರು ಆ ಕೆಲಸಕ್ಕೆ ಮುಂದೆ ಬರದಿದ್ದರೆ ಆ ಪಾಲು ಅವರಿಗೆ ಸಿಗಲ್ಲ. ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ. ಸಾಲ, ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ವಸಿಯತ್ (ಉಯಿಲು) ನಡೆಯುತ್ತೆ, ವಾರಸುದಾರನೇ ವಸಿ (ಎಕ್ಸಿಕ್ಯೂಟರ್) ಆಗಿದ್ದು ಅವನಿಗೇ ಹೆಚ್ಚು ಬರೆದಿದ್ದರೆ ಉಳಿದವರ ಒಪ್ಪಿಗೆಯೂ ಬೇಕು.

ಹೊಣೆ ಬೇಡ ಅನ್ನಿಸಿದರೆ ಕೈ ಹಾಕುವ ಮುಂಚೆಯೇ ಬರೆದು ಕೊಟ್ಟು ಹಿಂದೆ ಸರಿಯಬೇಕು. ಬ್ಯಾಂಕಿನಿಂದ ದುಡ್ಡು ತೆಗೆದು, ಗುತ್ತಿಗೆ ಭತ್ತ ಮಾರಿ, ಆಮೇಲೆ "ನನಗೆ ಆಗಲ್ಲ" ಅಂದರೂ ಲೆಕ್ಕ ಕೊಡಲೇಬೇಕಾಗುತ್ತೆ.

ಅಂಕ ಹಾಕುವುದಾದರೆ, ಹತ್ತಕ್ಕೆ: ಬರೆದ ಒಪ್ಪಂದ ಇರುವ ಮನೆಯವರಿಗೆ 8, ಬರೆಯದೆ ಮಾಡುವ ಮನೆಯವರಿಗೆ 4, ಒಂದೊಂದು ಕೆಲಸಕ್ಕೆ ಹಿಡಿದ ಏಜೆಂಟನಿಗೆ 6, ಉಕ್ತಾ ಒಪ್ಪಿದ ಏಜೆಂಟನಿಗೆ 2, ತಕರಾರಿರುವ ಮನೆಗೆ ವಕೀಲರಿಗೆ 7, ಹೊಲ-ಗದ್ದೆಯ ಆಸ್ತಿಗೆ ಟ್ರಸ್ಟಿ ಕಂಪನಿಗೆ 3. ಹೆಚ್ಚಿನ ಮನೆಗಳಿಗೆ ಹೊಂದುವುದು ಮೊದಲನೆಯದರ ಜೊತೆ ಮೂರನೆಯದು: ಮನೆಯವರು ಮುಂದೆ, ಪಹಣಿಗೆ ಮಾತ್ರ ಏಜೆಂಟ, ಅವನ ಚೀಟಿ ಅದೇ ನೋಟ್‌ಬುಕ್ಕಿನಲ್ಲಿ.

ಕೊನೆಯ ಲೆಕ್ಕದ ದಿನ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಎಲ್ಲರ ಸಹಿ ಆಗಲಿ, ಎಲ್ಲರಿಗೂ ಒಂದೊಂದು ಝೆರಾಕ್ಸ್ ಹೋಗಲಿ. ಮುಂಗಡದಲ್ಲಿ ಉಳಿದ ಚಿಲ್ಲರೆ 1,140 ರೂಪಾಯಿ ಯಾರ ಹತ್ತಿರ ಇದೆ ಅನ್ನುವುದೂ ಆ ಪುಟದಲ್ಲಿ ಬರೆದಿರಲಿ.